ಯಕಾರದ ಒತ್ತು

ಹತ್ತನೇ ಇಯತ್ತೆಯ ಅಂಕಪಟ್ಟಿಯಲ್ಲಿ ನಾನು ಭಾಗವಂತಿ,
ಆಧಾರ್ ಕಾರ್ಡಿನಲ್ಲಿ ಭಾಗ್ಯವಂತಿ.
ನಡುವೆ ಒಂದು ಯಕಾರದ ಒತ್ತು,
ಗಾಳದ ಕೊಕ್ಕೆಯಂಥದು,
ಅದಕ್ಕೆ ಸಿಕ್ಕು ಬೀದರಿನಲ್ಲೇ ಉಳಿದೆ.

ಘತ್ತರಗಿಯ ತಾಯಿಯ ಹೆಸರು ಅಂತ ಅಜ್ಜಿ ಇಟ್ಟದ್ದು.
ಬರೆದುಕೊಂಡ ಗುಮಾಸ್ತನಿಗೆ ಅವತ್ತು ಊಟದ ಹೊತ್ತು.

ನಾಲ್ವರೂ ಸೇರಿ ಒಂದು ಸೆಮಿಸ್ಟರ್ ಬಿಟ್ಟೆವು.
"ಬಿಡಾಮು" ಅಂದದ್ದು ನುಝಹತ್, ಗುಂಪಾದ ಚಹಾದಂಗಡಿಯಲ್ಲಿ,
ಕಪ್ಪಿನ ತಳದ ಸಕ್ಕರೆಯನ್ನು ಬೆರಳಲ್ಲಿ ಬಳಿಯುತ್ತಾ.
ಇತಿಹಾಸ ಓದುವವರು ಒಮ್ಮೆಯಾದರೂ
ಪುಸ್ತಕದಿಂದ ಇಳಿದು ನಡೆಯಬೇಕಲ್ಲ.
ಎರಡು ವರ್ಷದ ಟ್ಯೂಷನ್ ದುಡ್ಡು, ಮದುವೆಮನೆಗಳ ಮೆಹಂದಿ ದುಡ್ಡು,
ಜಾಯ್‌ಸುಮನಾ ಚರ್ಚಿನಲ್ಲಿ ಕೀಬೋರ್ಡ್ ಬಾರಿಸಿದ ದುಡ್ಡು,
ಸಂಘಮಿತ್ರಾಳ ಮಾಮಾ ಕೊಟ್ಟು,
ಕೊಟ್ಟೆನೆಂದು ಓಣಿಗೆಲ್ಲ ಹೇಳಿದ ದುಡ್ಡು.

ನಕ್ಷೆ ಮಾಡಿದವಳು ನಾನೇ.
ತಾಷ್ಕೆಂಟಿನಿಂದ ರೈಲು, ಸಮರಕಂದದಲ್ಲಿ ಐದು ರಾತ್ರಿ, ಬುಖಾರಾದಲ್ಲಿ ಮೂರು,
ಯಾವ ಬೀದಿಯ ತಿರುವಿನಲ್ಲಿ ಕುಡಿಯುವ ನೀರಿದೆ ಅನ್ನುವುದೂ ಸಮೇತ.
ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಹವಾಲ್ದಾರ
ಎರಡೂ ಕಾಗದ ಪಕ್ಕಪಕ್ಕ ಹಿಡಿದು ಕೇಳಿದ:
"ಇದ್ರಾಗ ನೀ ಯಾರವ್ವಾ?"
ಉತ್ತರ ಇನ್ನೂ ಹೊಳೆದಿಲ್ಲ.

ಮೂವರೂ ಹೋದರು.
ಹೈದರಾಬಾದ್ ಬಸ್ಸಿನ ಕಿಟಕಿಯಲ್ಲಿ ಮೂರು ಕೈ;
ನಾಲ್ಕನೆಯದು ಕೆಳಗಿನಿಂದ ಬೀಸುತ್ತಿತ್ತು, ನನ್ನದು.

ಅವರ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ.
ಅಷ್ಟೇ ಅಂತರ,
ಹುಮನಾಬಾದಿನ ಬಸ್ಸು ತಡವಾಗುವಷ್ಟು.

ಸುದ್ದಿಗಳು ಬರುತ್ತವೆ:
ಅಲ್ಲಿ ಸಬ್ಜಿ ಕೇಳಿದರೆ ಗಜ್ಜರಿ ಕೊಡುತ್ತಾರೆ.
ರಹಮತ್ ಅಂದರೆ ಧನ್ಯವಾದ; ನುಝಹತಳ ದೊಡ್ಡಪ್ಪನ ಹೆಸರನ್ನು
ಅಂಗಡಿಯವರೆಲ್ಲ ದಿನಕ್ಕೆ ನೂರು ಸಲ ಕೂಗುತ್ತಾರೆ.
ಕಟಕ ರೊಟ್ಟಿ ವಿಮಾನದಲ್ಲೇ ಪುಡಿಯಾಗಿ
ಶೇಂಗಾ ಹಿಂಡಿ ಕಲಸಿ ಚಮಚೆಯಲ್ಲಿ ತಿಂದರಂತೆ.
ಸಂಘಮಿತ್ರಾ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.
ಕಾರಣ ಮೂವರೂ ಬೇರೆ ಬೇರೆ ಹೇಳಿದರು.
ನಾನು ಮೂರನ್ನೂ ನಂಬಿದೆ.

ಗುರುವಾರ ಮದ್ರಸಾಕ್ಕೆ ಹೋದೆ.
ಮನೆಯಿಂದ ಹತ್ತು ನಿಮಿಷ. ಹುಟ್ಟಿದಾಗಿನಿಂದ ನೋಡಿದ್ದೆ,
ಅದಕ್ಕೇ ನೋಡಿರಲಿಲ್ಲ.
ಐನೂರು ವರ್ಷದ ಹಿಂದೆ ಆ ಕಡೆಯ ಹುಡುಗರು
ಈ ಕಡೆ ಓದಲು ಬರುತ್ತಿದ್ದರಂತೆ,
ಒಂಟೆಯ ಮೇಲೆ, ಹಡಗಿನಲ್ಲಿ, ಜ್ವರದಲ್ಲಿ,
ಯಾವನ ಹೆಸರಿನ ಯಾವ ಅಕ್ಷರ
ಯಾವ ಬಂದರಿನಲ್ಲಿ ಬಿದ್ದುಹೋಯಿತೋ.
ಈಗ ಒಂದೇ ಮಿನಾರು.
ಇನ್ನೊಂದರ ಜಾಗದಲ್ಲಿ ಗಿಳಿಗಳು ಜಗಳಾಡುತ್ತವೆ.
ನೀಲಿ ಬಿಲ್ಲೆ ಉದುರಿದ ಕಡೆ ಗಚ್ಚಿನಲ್ಲಿ
ಬಿಲ್ಲೆಯದೇ ಅಚ್ಚು ಉಳಿದಿದೆ;
ಬಳ್ಳಿ ಎಲ್ಲಿಂದ ಹೊರಟು ಎಲ್ಲಿ ಬಾಗುತ್ತಿತ್ತು
ಕಣ್ಣು ತಾನೇ ತುಂಬಿಕೊಳ್ಳುತ್ತದೆ.

ಅಷ್ಟರಲ್ಲಿ ವಿಡಿಯೊ ಕಾಲ್.
"ತೋರ್ಸು, ನಿನ್ ನೀಲಿ ತೋರ್ಸು" ಅಂದಳು ಜಾಯ್‌ಸುಮನಾ.
ಅವರ ಹಿಂದೆ ಇಡೀ ಗೋಡೆ, ಒಂದು ಬಿಲ್ಲೆಯೂ ಉದುರದೆ,
ನಿನ್ನೆ ತೊಳೆದಿಟ್ಟ ತಟ್ಟೆಯ ಹಾಗೆ.
"ಇಲ್ಲಿ ಎಲ್ಲಾ ಹೊಸಾದು ಮಾಡ್ಯಾರ ಭಾಗೂ,
ಹಳೇದು ಯಾವ್ದು ಅಂತ ಗೊತ್ತಾಗವಲ್ದು."
"ನಮ್ಮಲ್ಲಿ ಆ ತ್ರಾಸ ಇಲ್ಲ" ಅಂದೆ.
ಬೆರಳು ಬಿಲ್ಲೆಗೆ ತಾಕುವಷ್ಟರಲ್ಲಿ
ಕಾವಲಿನ ಝರೆಪ್ಪ ಸೀಟಿ ಊದಿದ.
ಆ ಸೀಟಿ ಸಮರಕಂದದಲ್ಲೂ ಕೇಳಿಸಿತು.
ಅಲ್ಲಿ ಯಾರೋ ಟೋಪಿಯ ಮುದುಕ
ತಿರುಗಿ ನೋಡಿದ, ತಾನೇನು ಮುಟ್ಟಿದೆ ಅಂತ.

ಮನೆಗೆ ಬಂದರೆ ಅವ್ವ ಪೇಪರಿನ ಗಂಟು ಬಿಚ್ಚುತ್ತಿದ್ದಳು.
ನಾಲ್ವರಿಗೆಂದು ಎಣಿಸಿ ಬಡಿದ ರೊಟ್ಟಿಯಲ್ಲಿ
ನನ್ನ ಪಾಲಿನ ಹನ್ನೆರಡನ್ನು
ಚೀಲದಿಂದ ತೆಗೆದಿಟ್ಟದ್ದು ಇಬ್ಬರಿಗೂ ಮರೆತಿತ್ತು.
ಒಂದೂ ಮುರಿದಿಲ್ಲ.
ಒಂದನ್ನು ಎತ್ತಿ, ಬೆಳಕಿಗೆ ಹಿಡಿದು,
"ನೀ ಯಾವಾಗ ಹೋಗ್ತಿ?" ಅಂದಳು.
ನಾನು ಮುರಿದೆ.
ಅಡುಗೆಮನೆ ತುಂಬ ಸದ್ದು.