ಶೇಷ

ಮಂಗಳವಾರ, ಶುಕ್ರವಾರ
ಬ್ಯಾಲರಾಟಿನ ಆ ತಗಡಿನ ಶೆಡ್ಡಿಗೆ ಹೋಗುತ್ತೇನೆ
ಡೆನ್ಜಿಲ್ ಟ್ರಿಲೋರನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು.
ಮನೆಯೊಳಗೆ ಬಾ ಅಂದರೆ ಬರುವವನಲ್ಲ.
ಕಂಪ್ಯೂಟರ್ ಇಲ್ಲಿದೆ, ಮೂವತ್ತೆಂಟು ದಿನದಿಂದ ಒಂದೇ ಲೆಕ್ಕ ಮಾಡುತ್ತ.
ಅದರ ಬಿಸಿಗೆ ಬೆಕ್ಕು ಒರಗಿದೆ.

ಇವನ ಮುತ್ತಜ್ಜ ಈ ಊರ ಹಳ್ಳದಲ್ಲಿ ಚಿನ್ನ ಜಾಲಿಸಿದವನಂತೆ,
ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ.
ಸಿಕ್ಕಿದ್ದು ಸೊಂಟನೋವು.

"ಕೇಳು," ಅನ್ನುತ್ತಾನೆ ಹಳೆ ಪಟ್ಟಿ ಬಿಚ್ಚುವಾಗ, ಉರಿ ಮರೆಯಲಿಕ್ಕೆ.
"ಎರಡನ್ನು ಎರಡರಿಂದ ಗುಣಿಸುತ್ತ ಹೋಗು, ಕೊನೆಗೆ ಒಂದು ಕಳೆ.
ಯಂತ್ರದ ಲಿಪಿಯಲ್ಲಿ ಅದು ಬರೀ ಒಂದು, ಒಂದು, ಒಂದು.
ಹದಿಮೂರು ಕೋಟಿ ಒಂದುಗಳು. ನಡುವೆ ಸೊನ್ನೆಯೇ ಇಲ್ಲ."

ನಮ್ಮ ಒಂದನ್ನು ಬರೆದು ತೋರಿಸಿದೆ, ಗಾಜ್ ಪೊಟ್ಟಣದ ಬೆನ್ನ ಮೇಲೆ: ೧.
ಮಗ್ಗುಲಲ್ಲಿ ಸೊನ್ನೆ: ೦.
"ಓ, ಇದು ಬಾಗಿಲು ತೆರೆದಿಟ್ಟ ಸೊನ್ನೆ," ಎಂದು ನಕ್ಕ.

ನಾನು ಇಪ್ಪತ್ತರವರೆಗೆ ಮಗ್ಗಿ ಒದರಿದವಳು,
ಹದಿಮೂರು, ಹದಿನೇಳು, ಹತ್ತೊಂಬತ್ತಕ್ಕೆ
ಬೆರಳ ಗೆಣ್ಣಿಗೆ ಏಟು ತಿಂದವಳು.
ಆಗ ಯಾರೂ ಹೇಳಲಿಲ್ಲ,
ಒಂದರ ಮಗ್ಗಿ ಬಿಟ್ಟರೆ ಇನ್ನೊಬ್ಬರ ಮಗ್ಗಿಯಲ್ಲಿ ಕಾಲಿಡದ ಜಾತಿ ಅವು,
ಯಾರು ಪಾಲು ಕೇಳಿದರೂ ಒಂದಿಷ್ಟು ಚೂರು ಉಳಿಸುವವು ಎಂದು.

ಹನ್ನೊಂದು ಒಂದುಗಳು ಸಾಲಾಗಿ ನಿಂತರೆ
ಎರಡು ಸಾವಿರದ ನಲವತ್ತೇಳು. ನೋಡಲು ಗಟ್ಟಿ.
ಮೂರು, ಐದು, ಏಳು ತಟ್ಟಿದರೂ ಓಗೊಡುವುದಿಲ್ಲ.
ಇಪ್ಪತ್ತಮೂರು ಬಂದು ತಟ್ಟಿದರೆ
ಎಂಬತ್ತೊಂಬತ್ತು ಕದ ತೆಗೆಯುತ್ತದೆ.

ಇವನ ಸಂಖ್ಯೆಗೆ ಹಾಗೆ ತಟ್ಟುತ್ತ ಕೂತರೆ ಸೂರ್ಯ ಆರಿಹೋದಾನು.
ಅದಕ್ಕೊಂದು ಒಳದಾರಿ:
ನಾಲ್ಕರಿಂದ ಹೊರಡು. ವರ್ಗ ಮಾಡು, ಎರಡು ಕಳೆ,
ಆ ಸಂಖ್ಯೆಯಿಂದಲೇ ಭಾಗಿಸಿ
ಉಳಿದದ್ದನ್ನಷ್ಟೇ ಹೊತ್ತುಕೊಂಡು ನಡೆ.
ಮೂವತ್ತೊಂದಕ್ಕಾದರೆ ಬೇಗ ಮುಗಿಯುತ್ತದೆ:
ನಾಲ್ಕು, ಹದಿನಾಲ್ಕು, ಎಂಟು, ಸೊನ್ನೆ.
ಕೊನೆಗೆ ಸೊನ್ನೆ ಬಂದರೆ ಅದು ಯಾರ ಪೆಟ್ಟಿಗೂ ಒಡೆಯದ್ದು.

ಋಣಶೇಷ, ಅಗ್ನಿಶೇಷ, ಶತ್ರುಶೇಷ ಉಳಿಸಬಾರದು
ಅಂತಿದ್ದಳು ನಮ್ಮ ಸೋದರತ್ತೆ.
ಹುಣ್ಣಿನ ಶೇಷ ನಾನು ಸೇರಿಸಿದ್ದು.

ಇವತ್ತು ಹೋದರೆ ಫ್ಯಾನಿನ ಸದ್ದಿಲ್ಲ. ಬೆಕ್ಕು ಹೊರಗೆ ಮೆಟ್ಟಿಲ ಮೇಲೆ.
ತೆರೆಯಲ್ಲಿ ಹದಿನಾರು ಅಕ್ಷರ, ಒಂದೂ ಸೊನ್ನೆಯಲ್ಲ.
"ಒಡೆಯುತ್ತದೆ," ಅಂದ.
ಎಲ್ಲಿ?
"ಅದನ್ನು ಹೇಳುವುದಿಲ್ಲ ಈ ಪರೀಕ್ಷೆ.
ಒಡೆಯುತ್ತದೆ, ಅಷ್ಟೆ.
ಬಿರುಕು ಎಲ್ಲಿದೆಯೆಂದು ನಾನು ಸಾಯುವುದರೊಳಗೆ
ಯಾರಿಗೂ ತಿಳಿಯಲಿಕ್ಕಿಲ್ಲ."

ಕಾಲು ಚಾಚಿದ. ಸ್ಕೇಲಿಟ್ಟು ಅಳೆದೆ, ಗಟ್ಟಿಯಾಗಿ ಓದಿದೆ:
ಹೋದ ವಾರ ಇಪ್ಪತ್ತಮೂರು ಮಿಲಿಮೀಟರ್, ಇವತ್ತು ಹತ್ತೊಂಬತ್ತು.
"ಎರಡೂ ಅವಿಭಾಜ್ಯ," ಅಂದ ತಲೆಯೆತ್ತದೆ,
ಕೀಲಿಮಣೆಯಲ್ಲಿ ಮುಂದಿನದನ್ನು ಒತ್ತುತ್ತ.

ಯಂತ್ರ ಮತ್ತೆ ನಾಲ್ಕರಿಂದ ಹೊರಟಿತು.
ಸ್ವಲ್ಪ ಹೊತ್ತಿಗೆ, ತಗಡು ಬೆಚ್ಚಗಾದ ಮೇಲೆ,
ಬೆಕ್ಕು ಒಳಗೆ ಬಂತು.