ಟಾರ್ಟು, ಹನ್ನೊಂದನೇ ಚೂರು

ಇಲಿಯ ಮಿದುಳಿನ ಚೂರು, ಹಪ್ಪಳದಷ್ಟು ತೆಳು,
ಉಪ್ಪುನೀರಿನ ಬೆಚ್ಚನೆಯಲ್ಲಿ ಇನ್ನೂ ಬದುಕಿತ್ತು.
ಇಲಿ ಸತ್ತದ್ದು ಮಧ್ಯಾಹ್ನ.
ಚೂರಿಗೆ ಸುದ್ದಿ ಮುಟ್ಟಿರಲಿಲ್ಲ.

ಹೆಲ್ಯು ಕುರ್ಚಿಯಲ್ಲಿ ಕಾಲು ಮಡಿಚಿ
ಉಣ್ಣೆಯ ಕೈಗವಸು ಹೆಣೆಯುತ್ತಿದ್ದಳು.
ನಿಮಿಷಕ್ಕೆರಡು ಸಲ ಯಂತ್ರ ಕೋಶಗಳನ್ನು ಚುಚ್ಚುವುದು,
ಆಚೆ ದಂಡೆಯ ಕೋಶಗಳು ಪರದೆಯ ಮೇಲೆ
ಹೂಂ ಅನ್ನುವುದು.
ಕಥೆಯ ನಡುವೆ ನಿದ್ದೆಹೋದವರ ಹೂಂ.

ಒಂಬತ್ತೂವರೆಗೆ ಪ್ರೋಟೀನು ಬಿಟ್ಟೆವು.
ನರ ಬೆಳೆಸುವುದು ಅದರ ಕಸುಬೆಂದು
ಹೆಸರಿಟ್ಟವರು ನಾವೇ.
ಇಷ್ಟು ಬೇಗ ಏನು ಬೆಳೆದೀತು?
ಕೂದಲೆಳೆಯೂ ತೂರದ ಆ ಸಂದಿನಲ್ಲಿ
ಯಾರದೋ ಕಿವಿ ನಿಮಿರಿತು, ಅಷ್ಟೆ.
ಅದೇ ಚುಚ್ಚು;
ಹೂಂ ಮಾತ್ರ ಒಂದೂವರೆಪಟ್ಟು ಎತ್ತರ.

"ಕೇಳಿಸಿತು ಅದಕ್ಕೆ" ಅಂದಳು ಹೆಲ್ಯು, ತಲೆ ಎತ್ತದೆ.

ನಿನ್ನೆಯ ಚೂರಿಗೆ ಬಿದ್ದದ್ದೂ ಇದೇ ಪ್ರೋಟೀನು,
ಮುಂದಿನ ತುಂಡು ಕತ್ತರಿಸದೆ ಉಳಿದದ್ದು.
ಅಷ್ಟಕ್ಕೇ ಮಾತು ತಿರುಗಿತ್ತು:
ಬಿಡು, ಈ ನಂಟು ಸಾಕು, ಕೈ ಸಡಿಲಿಸು.
ಅಲೆ ಕುಗ್ಗಿ ಕುಗ್ಗಿ ಗೆರೆಯಾಗಿತ್ತು.
ಕತ್ತರಿ ಬಿದ್ದರೆ ಹಿಡಿದುಕೋ, ಬೀಳದಿದ್ದರೆ ಬಿಟ್ಟುಬಿಡು.
ನನಗೆ ಇದು ತಿರುಗಾಮುರುಗಾ ಅನ್ನಿಸಿತು.

ಹೆಲ್ಯು ಎಲ್ಲೋ ಲೆಕ್ಕ ತಪ್ಪಿ
ಎಡಗೈ ಗವಸನ್ನು ಮಣಿಕಟ್ಟಿನವರೆಗೂ ಬಿಚ್ಚಿದಳು.
ಬಿಚ್ಚಿದ ನೂಲು ನೆಟ್ಟಗಾಗಲಿಲ್ಲ.
ಇದ್ದ ಕುಣಿಕೆಗಳನ್ನೆಲ್ಲ ನೆನೆಯುತ್ತ
ಸುಕ್ಕು ಸುಕ್ಕಾಗಿ ಅವಳ ಮಡಿಲಲ್ಲಿ ಕೂತಿತು.

ಹನ್ನೆರಡರ ಹೊತ್ತಿಗೆ ಚೂರಿಗೂ ಸುದ್ದಿ ಮುಟ್ಟಿತು.
ಯಂತ್ರ ಮಾತ್ರ ನಿಮಿಷಕ್ಕೆರಡು ಸಲ ಕರೆಯುತ್ತಲೇ ಇತ್ತು.
ಕೋಟಿನ ಗುಂಡಿ ಹಾಕಿಕೊಂಡು ಹೆಲ್ಯು ಹೊರಟಳು,
ಹೆಪ್ಪುಗಟ್ಟಿದ ಎಮಾಯೊಗಿಯ ಸೇತುವೆಯ ಮೇಲೆ,
ಒಂದು ಕೈಗೆ ಗವಸು,
ಇನ್ನೊಂದು ಜೇಬಿನೊಳಗೆ.