ಹೊಗೆ ಹಾಕಿದವನು

ಬೈತಖೋಲದ ಮರಳಲ್ಲಿ, ಭಾನುವಾರ, ಪೂಜೆ ಮುಗಿದ ಮೇಲೆ
ಇನಾಸ್ ಮಾಸ್ತರರು ಗೆರೆ ಎಳೆದರು: ಇದು ಗಿಬೆಯ ಊರು.
ಎಡಗೈಯವರೆಲ್ಲ ಬೆನ್ಯಾಮೀನರು.
ಎಡಗೈಯವನು ಇದ್ದದ್ದು ಒಬ್ಬನೇ, ಕೈತಾನ್.
ಅವನು ಕವಣೆ ಬೀಸಿದರೆ
ದೋಣಿಯ ಮೂತಿಯಲ್ಲಿ ಕೂತ ಕಾಗೆಯ
ನೆರಳಿಗೂ ತಾಗುತ್ತಿತ್ತು.

ಎರಡು ಸಲ ನಮ್ಮವರನ್ನು ನೀರಿಗೆ ಅಟ್ಟಿದ.
ಮೂರನೆಯ ಸಲ ಓಡಿದರು, ಮಾಸ್ತರರು ಕಲಿಸಿದ ಓಟ:
ಸೋತವರ ಏದುಸಿರು, ಬಿಟ್ಟು ಬಂದ ಚಪ್ಪಲಿ.
"ಮತ್ತೆ ಬಿದ್ದರು!" ಅಂತ ಕೂಗುತ್ತ
ಗೆರೆ ದಾಟಿ, ಊರು ಬಿಟ್ಟು, ಬೆನ್ನಟ್ಟಿದ.

ನಾನು ಓಡಲಿಲ್ಲ.
ಬಲೆಯ ರಾಶಿಯ ಹಿಂದೆ ಬೋರಲು ಮಲಗಿದ್ದೆ.
ಕೈಯಲ್ಲಿ ಬೆಂಕಿಪೊಟ್ಟಣ, ಎದುರಿಗೆ ಹಸಿ ಮಡಲು.

ಹೊಗೆ ಕಂಬವಾಗಿ ಎದ್ದಿತು.
ಓಡುತ್ತಿದ್ದವರು ತಟ್ಟನೆ ತಿರುಗಿ ನಿಂತರು.
ಕೈತಾನನೂ ತಿರುಗಿದ, ಇತ್ತ.
ಹೊಗೆಯ ಹಿಂದೆಯೇ ಅವನ ಮನೆ, ನಿಜವಾದದ್ದು,
ಒಳಗೆ ತೊಟ್ಟಿಲಲ್ಲಿ ತಂಗಿ.
ಕವಣೆ ಜಾರಿತು. ಆಟವೆಂಬುದು ಮರೆತುಹೋದ
ಅಂಥ ಮುಖ ಮತ್ತೆ ನೋಡಿಲ್ಲ ನಾನು.

ಮಾಸ್ತರರು ಚಪ್ಪಾಳೆ ತಟ್ಟಿದರು. ಗೆದ್ದವರಿಗೆ ಶೇಂಗಾ ಚಿಕ್ಕಿ.

ಈಗ ಕೈತಾನನಿಗೆ ಸ್ವಂತ ಟ್ರಾಲರು.
ಬಂದರು ಬಿಟ್ಟು ಅಲೆಗೆ ಬೀಳುವ ಮುಂಚೆ
ಒಮ್ಮೆ ದಡದ ಕಡೆ ತಿರುಗುತ್ತಾನೆ.
ಗಾಳಿ ನೋಡುತ್ತಾನೆ ಅಂತಾರೆ ಖಲಾಸಿಗಳು.
ನಾನು ಇಲ್ಲಿ ಐಸು ಒಡೆಯುತ್ತ,
ಬೀಡಿ ಹಚ್ಚಿದ್ದರೆ
ಅಂಗೈಯಲ್ಲಿ ಮುಚ್ಚಿಕೊಳ್ಳುತ್ತೇನೆ.